ಬೇರೆ ಬೇರೆ ದಿನ ಆಡಿದ ಮಾತು

ನಮ್ಮಣ್ಣ ತೆಗೆದ ಸಿನಿಮಾದಲ್ಲಿ ತಂಗಿ ಇಲ್ಲ. ಮುನಿಸಿಕೊಂಡ ಇಬ್ಬರು ಅಣ್ಣತಮ್ಮಂದಿರು ಇದ್ದಾರೆ, ಒಂದು ಲೇತ್ ಇದೆ, ಇಂಟರ್ವಲ್‌ಗೆ ಸರಿಯಾಗಿ ಸಾಯುವ ಒಬ್ಬ ತಾಯಿ ಇದ್ದಾಳೆ. ಎಲ್ಲ ನಮ್ಮ ಮನೆಯಿಂದಲೇ ಎತ್ತಿಕೊಂಡಿದ್ದು. ಅವನು ಕಥೆ ಹೇಳಿ ಮುಗಿಸಿದಾಗ ತಂಗಿ ಎಲ್ಲಿ ಅಂತ ಕೇಳಿದೆ. "ತಂಗಿ ಬಂದ್ರೆ ಕಥೆ ಲ್ಯಾಗ್ ಆಗತ್ತೆ ಕಣೆ," ಎಂದ. ಆ ಹೊತ್ತಿಗೆ ನಾನು ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಎದ್ದು ಹೋಗಬೇಕು ಅನ್ನಿಸಿತು. ಹಾಗೆ ಮಾಡಲಿಲ್ಲ, ಅದು ನಾನೇ ಕೊಡಿಸಿದ ಅಂಗಿ.

ಅಪ್ಪ ಹರಿಹರದಿಂದ ಪೀಣ್ಯಕ್ಕೆ ಬಂದ ಟರ್ನರ್, ಲೇತಿನಲ್ಲಿ ಕಬ್ಬಿಣ ಕಡೆಯುವುದು ಅವರ ಕಸುಬು. ಬಹಳ ವರ್ಷ ಬೇರೆಯವರ ಕೈಕೆಳಗೆ ದುಡಿದು, ಕೊನೆಗೆ ಒಂದು ಹಳೆಯ ಲೇತ್ ಕೊಂಡು, ಸಿಮೆಂಟ್ ಶೀಟಿನ ಶೆಡ್ಡಿನಲ್ಲಿ ಸ್ವಂತ ಕೆಲಸ ಶುರು ಮಾಡಿದ್ದರು. ಮುಂದೆ ಶೆಡ್ಡು, ಹಿಂದೆ ಎರಡು ಕೋಣೆಯ ಮನೆ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಲೇತಿನ ಸದ್ದು ಕೇಳಿ, ಈಗ ದೊಡ್ಡೋನು ನಿಂತಾನೆ, ಈಗ ಚಿಕ್ಕೋನು ನಿಂತ ಎಂದು ಹೇಳುತ್ತಿದ್ದಳು. ಅದೇನು ಕಷ್ಟದ ವಿದ್ಯೆಯಲ್ಲ, ನನಗೂ ಗೊತ್ತಾಗುತ್ತಿತ್ತು. ಅಣ್ಣ ಟೂಲನ್ನು ಒಮ್ಮೆಗೇ ತಿರುಗುವ ಕಬ್ಬಿಣಕ್ಕೆ ನುಗ್ಗಿಸಿ ಕಿರ್ರೆನ್ನಿಸುತ್ತಿದ್ದ. ತಮ್ಮ ಮುಟ್ಟಿಸಲೋ ಬೇಡವೋ ಎಂದು ಯೋಚಿಸುತ್ತ ನಿಂತಿರುತ್ತಿದ್ದ. ಮಾತಿನಲ್ಲೂ ಅಷ್ಟೇ, ತಮ್ಮ ಶುರು ಮಾಡಿದ ಮಾತನ್ನು ಮುಗಿಸುತ್ತಿದ್ದವನು ಯಾವಾಗಲೂ ಅಣ್ಣ. ನಡುವೆ ಹುಟ್ಟಿದ ನಾನು ಇಬ್ಬರಿಗೂ ಬೈದುಕೊಂಡು ಇದ್ದೆ.

ಅಪ್ಪ ತೀರಿಕೊಂಡ ಮೇಲೆ ಆ ಲೇತ್ ಇಬ್ಬರಿಗೂ ಬೇಡವಾಯಿತು. ಅಣ್ಣನಿಗೆ ಮೊದಲಿನಿಂದಲೂ ಸಿನಿಮಾದ ಹುಚ್ಚು. ಎರಡು ಧಾರಾವಾಹಿಗಳಲ್ಲಿ ಪೊಲೀಸ್ ಪೇದೆಯಾಗಿ ಬಾಗಿಲ ಪಕ್ಕ ನಿಂತಿದ್ದ, ಅಷ್ಟಕ್ಕೇ ಗಡ್ಡ ಬಿಟ್ಟು "ನಟ, ನಿರ್ದೇಶಕ" ಎಂದು ವಿಸಿಟಿಂಗ್ ಕಾರ್ಡ್ ಮಾಡಿಸಿದ. ಬೆಳಗಾದರೆ ಗಾಂಧಿನಗರದ ಹೋಟೆಲೊಂದರಲ್ಲಿ ಕೂತು ಅರ್ಧರ್ಧ ಕಾಫಿ ಕುಡಿಯುವುದೇ ಉದ್ಯೋಗ. ತಮ್ಮನಿಗೆ ಅದೇ ಕಾಲಕ್ಕೆ ಚೈನ್ ಕಂಪನಿಯ ಗೀಳು ಹಿಡಿಯಿತು. ಯಾವುದೋ ಶಕ್ತಿಪುಡಿಯ ಡಬ್ಬಗಳನ್ನು ತಾನು ಕೊಂಡು, ಪರಿಚಯದವರಿಗೆ ಕೊಳ್ಳಿಸಿ, ಅವರು ಇನ್ನೊಬ್ಬರಿಗೆ ಕೊಳ್ಳಿಸಿದರೆ ಇವನು ಸಿಲ್ವರ್ ಆಗುತ್ತಾನಂತೆ, ಆಮೇಲೆ ಗೋಲ್ಡ್, ಆಮೇಲೆ ಡೈಮಂಡ್. ಭಾನುವಾರ ಬಂತೆಂದರೆ ಟೈ ಕಟ್ಟಿಕೊಂಡು ವೈಟ್‌ಫೀಲ್ಡಿನ ಹೋಟೆಲ್ ಹಾಲಿನಲ್ಲಿ ಚಪ್ಪಾಳೆ ತಟ್ಟಲು ಹೋಗುತ್ತಿದ್ದ. ಮದುವೆಯಾಗಿ ಪೀಣ್ಯದಲ್ಲೇ ಬೇರೆ ಮನೆ ಮಾಡಿದ್ದ ನಾನು ಪಂಪ್ ಮೋಟಾರ್ ಮಾಡುವ ಫ್ಯಾಕ್ಟರಿಯಲ್ಲಿ ಕ್ವಾಲಿಟಿಯಲ್ಲಿದ್ದೆ. ಓಡುವ ಮೋಟಾರಿಗೆ ಕಿವಿ ಕೊಟ್ಟು ಒಳಗೆ ಏನಾದರೂ ಗಲಾಟೆಯಿದೆಯಾ ನೋಡುವುದು ನನ್ನ ಕೆಲಸ. ಅವ್ವನ ಮನೆಯಲ್ಲಿ ಗಲಾಟೆ ಕೇಳಲು ಕಿವಿ ಕೊಡಬೇಕಾಗಿರಲಿಲ್ಲ.

ಆಯುಧಪೂಜೆ ಮುಗಿದ ಮುಂದಿನ ವಾರ ಒಂದು ಬೆಳಿಗ್ಗೆ ನಮ್ಮ ಶೆಡ್ಡಿನ ಮುಂದೆ ಎರಡು ಟೆಂಪೋ ಬಂದು ನಿಂತವು. ಎರಡೂ ಗುಜರಿಯವರವು. ಅಪ್ಪನ ಲೇತನ್ನು ಅಣ್ಣ ಒಬ್ಬ ಗುಜರಿಯವನಿಗೆ ಮಾತಾಡಿ ಅಡ್ವಾನ್ಸ್ ತೆಗೆದುಕೊಂಡಿದ್ದ. ತಮ್ಮನೂ ಇನ್ನೊಬ್ಬ ಗುಜರಿಯವನಿಗೆ ಅದೇ ಲೇತನ್ನು ಮಾತಾಡಿ ಅಡ್ವಾನ್ಸ್ ತೆಗೆದುಕೊಂಡಿದ್ದ. ಒಬ್ಬನಿಗೆ ಶೂಟಿಂಗ್ ಶುರು ಮಾಡಬೇಕಿತ್ತು, ಇನ್ನೊಬ್ಬನಿಗೆ ಗೋಲ್ಡ್ ಆಗಬೇಕಿತ್ತು. ಲೇತಿನ ಮೇಲೆ ಪೂಜೆಯ ವಿಭೂತಿ ಪಟ್ಟೆ ಇನ್ನೂ ಅಳಿಸಿರಲಿಲ್ಲ, ಚೆಂಡುಹೂವಿನ ಹಾರ ಒಣಗಿ ನೇತಾಡುತ್ತಿತ್ತು. ಇಬ್ಬರೂ ಅದರ ಎರಡೂ ಕಡೆ ನಿಂತು ಕೂಗಾಡಿದರು. ಕಳ್ಳತನದಿಂದ ಮಾರಲು ಹೊರಟವನು ನೀನು ಅಂತ ಅವನು, ನೀನು ಅಂತ ಇವನು. ಗುಜರಿಯವರಿಬ್ಬರೂ ಬೀಡಿ ಹಚ್ಚಿಕೊಂಡು ನೋಡುತ್ತಿದ್ದರು.

ಅವ್ವ ಒಳಗಿಂದ ಒಂದು ಸ್ಟೂಲ್ ತಂದು ಲೇತಿನ ಮುಂದೆ ಹಾಕಿಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ಟೆಂಪೋಗಳು ಖಾಲಿಯಾಗಿಯೇ ಹೋದವು. ತಮ್ಮ ಎರಡು ಬ್ಯಾಗು ತುಂಬಿಕೊಂಡು ಕಾಡುಗೋಡಿಯಲ್ಲಿ ಬಾಡಿಗೆ ರೂಮು ಹಿಡಿದ, ಅಣ್ಣ ಅವ್ವನ ಜೊತೆಯೇ ಉಳಿದ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತುಹೋಯಿತು.

ಮಾತು ನಿಂತರೂ ಕೆಲಸ ನಿಲ್ಲುತ್ತದಾ? ಆ ಕೆಲಸವೆಲ್ಲ ನನ್ನ ತಲೆಗೆ ಬಂತು. "ರೇಷನ್ ಕಾರ್ಡಿಗೆ ಅವನ ಫೋಟೋ ಬೇಕಂತೆ, ಹೇಳು ಅವನಿಗೆ." "ನಾನು ಕೊಡಲ್ಲ ಅಂತ ಹೇಳು ಅವನಿಗೆ." ಹೆಸರಿಲ್ಲ, ಅಣ್ಣ ಇಲ್ಲ, ತಮ್ಮ ಇಲ್ಲ, ಬರೀ 'ಅವನು'. ಯುಗಾದಿಗೆ ತಮ್ಮನೂ ಅವ್ವನ ಮನೆಗೆ ಬರುತ್ತಿದ್ದ, ಅದೊಂದು ಪುಣ್ಯ. ಒಬ್ಬ ಗೋಡೆಗೆ ಮುಖ ಮಾಡಿ, ಒಬ್ಬ ಬಾಗಿಲಿಗೆ ಮುಖ ಮಾಡಿ ಹೋಳಿಗೆ ತಿನ್ನುತ್ತಿದ್ದರು. ಕೈ ಚಾಚಿದರೆ ಸಿಗುವ ತುಪ್ಪದ ಬಟ್ಟಲಿಗೆ, "ತುಪ್ಪ ಈ ಕಡೆ ಕೊಡೋಕೆ ಹೇಳು ಅವನಿಗೆ," ಎಂದು ಅಣ್ಣ ನನಗೆ ಹೇಳುತ್ತಿದ್ದ. ನಾನು ಒಲೆಯ ಮುಂದಿನಿಂದ ಎದ್ದು ಬಂದು ಆ ಬಟ್ಟಲನ್ನು ಇಲ್ಲಿಂದ ಅಲ್ಲಿಗೆ ಸರಿಸಬೇಕು. ಒಂದು ಸಲ ಬಟ್ಟಲನ್ನೇ ಎತ್ತಿಕೊಂಡು ಹೋಗಿ ಒಳಗಿಟ್ಟೆ. ಇಬ್ಬರೂ ಬರೀ ಹೋಳಿಗೆ ತಿಂದು ಎದ್ದರು, ಆದರೂ ಮಾತಾಡಲಿಲ್ಲ.

ಅಷ್ಟರಲ್ಲಿ ಅವ್ವನ ಕಣ್ಣು ಮಂಜಾಗುತ್ತ ಬಂತು. ಕಣ್ಣಿನೊಳಗಿನ ಒತ್ತಡದಿಂದ ಬಂದದ್ದು, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಅಂದರು ಡಾಕ್ಟರು. ಆಸ್ಪತ್ರೆಯಿಂದ ಬರುವಾಗ ಅವ್ವ ಅಳಲಿಲ್ಲ. ಬಸ್ಸಿನಲ್ಲಿ ನನ್ನ ಮೊಣಕೈ ಹಿಡಿದುಕೊಂಡು ಕೂತವಳು, "ನೋಡೋದು ಮುಗೀತು ಬಿಡು. ಕೇಳೋದೊಂದು ಐತೆ. ಅವರಿಬ್ರೂ ಮಾತಾಡೋದು ಒಂದ್ಸಲ ಕೇಳ್ಬೇಕು ಕಣವ್ವ. ಜಗಳ ಆದ್ರೂ ಚಿಂತಿಲ್ಲ," ಎಂದಳು. ನಾನು ಹಿಂದೆಮುಂದೆ ಯೋಚಿಸದೆ, "ಕೇಳಿಸ್ತೀನಿ ಅವ್ವ," ಅಂದುಬಿಟ್ಟೆ. ಹೇಳುವುದು ಸುಲಭ. ಆಮೇಲೆ ಎಷ್ಟು ಭಾನುವಾರ ಪೀಣ್ಯದಿಂದ ಕಾಡುಗೋಡಿಗೆ ಬಸ್ಸು ಬದಲಿಸಿ ಬದಲಿಸಿ ಹೋಗಿದ್ದೇನೋ. ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಹರಿಹರಕ್ಕೇ ಹೋಗಿ ಬರಬಹುದಿತ್ತು ಎಂದು ನಮ್ಮ ಯಜಮಾನರು ಕಾಲೆಳೆಯುತ್ತಿದ್ದರು.

ತಮ್ಮನ ರೂಮಿನಲ್ಲಿ ಕುರ್ಚಿ ಇರಲಿಲ್ಲ. ಮಾರಾಟವಾಗದ ಶಕ್ತಿಪುಡಿಯ ಡಬ್ಬಗಳನ್ನು ಜೋಡಿಸಿ ಮೇಲೊಂದು ಟವಲ್ ಹಾಕಿದ್ದ, ಅದರ ಮೇಲೆ ನಾನು ಕೂರಬೇಕು. ಗೋಡೆಯ ಮೇಲೆ ಪೇಪರಿನಿಂದ ಕತ್ತರಿಸಿದ ಒಂದು ಕೆಂಪು ಕಾರಿನ ಚಿತ್ರ. ಊಟ ಮಾಡಿದೆಯೇನೋ ಎಂದರೆ, "ಇದನ್ನೇ ಕುಡಿದೆ ಅಕ್ಕ, ಫುಲ್ ಎನರ್ಜಿ," ಎಂದು ಲೋಟ ತೋರಿಸುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು.

"ಅವ್ವ ಕೇಳ್ತಿದ್ದಾಳೆ ಕಣೋ, ಒಂದ್ಸಲ ಮಾತಾಡು ಅವನತ್ರ."

"ನೆಗೆಟಿವ್ ಜನರಿಂದ ದೂರ ಇರ್ಬೇಕು ಅಂತ ನನ್ನನ್ನ ಕಂಪನಿಗೆ ಸೇರಿಸಿದ ಅಪ್‌ಲೈನ್ ಸಾರ್ ಹೇಳ್ತಾರೆ ಅಕ್ಕ."

"ಅವನು ನಿಮ್ಮಣ್ಣ ಕಣೋ."

"ಅವನು ಏನು ಅಂತ ಅವನಿಗೇ ಗೊತ್ತಿಲ್ಲ. ಗಡ್ಡ ಬಿಟ್ಟೋರೆಲ್ಲ ಡೈರೆಕ್ಟರ್ ಆಗ್ತಾರಾ?"

ಡಬ್ಬ ಮಾರಿದವರೆಲ್ಲ ಡೈಮಂಡ್ ಆಗ್ತಾರಾ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಇತ್ತ ಅಣ್ಣನಿಗೆ ಹೇಳಿದರೆ, "ಟೈ ಕಟ್ಟಿದ ತಕ್ಷಣ ಸಾಹೇಬ ಆಗ್ಬಿಟ್ನಾ ಅವನು," ಎನ್ನುತ್ತಿದ್ದ. ಇನ್ನೊಬ್ಬನ ಕನಸಿನಲ್ಲಿ ಹುರುಳಿಲ್ಲ ಅಂತ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಅಷ್ಟು ಸ್ಪಷ್ಟವಾದ ಕಣ್ಣನ್ನು ತಂತಮ್ಮ ಕಡೆಗೊಮ್ಮೆ ತಿರುಗಿಸಿಕೊಂಡಿದ್ದರೆ ನಾನು ಭಾನುವಾರ ಮಧ್ಯಾಹ್ನ ಒಂದು ನಿದ್ದೆಯಾದರೂ ಮಾಡುತ್ತಿದ್ದೆ.

ಕೊನೆಗೂ ಅಣ್ಣನಿಗೆ ದುಡ್ಡು ಹಾಕಲು ಒಬ್ಬ ಬೋರ್‌ವೆಲ್ ಕಂಟ್ರಾಕ್ಟರ್ ಸಿಕ್ಕಿದರು. ಅವರ ಅಕ್ಕನ ಮಗ ಹೀರೋ ಆಗಬೇಕಿತ್ತು. ಹಾಗಾಗಿ ಸಿನಿಮಾದ ತಮ್ಮ ಆ ಹುಡುಗ, ಅಣ್ಣ ನಮ್ಮಣ್ಣನೇ. ಕಥೆಯಲ್ಲಿ ಇಬ್ಬರೂ ಅಪ್ಪನ ಲೇತನ್ನು ಬಿಟ್ಟು ಬೇರೆ ಬೇರೆ ದಾರಿಯಲ್ಲಿ ದೊಡ್ಡ ಮನುಷ್ಯರಾಗಲು ಓಡುತ್ತಾರೆ, ಏನೂ ಆಗುವುದಿಲ್ಲ, ಕೊನೆಗೆ ಅದೇ ಲೇತಿನ ಮುಂದೆ ಎದುರಾಗಿ ಅಳುತ್ತಾರೆ. ಅವ್ವ ಕಥೆ ಕೇಳಿ, "ನನಗೇನಾಗ್ತೈತೆ ಅದರಾಗೆ?" ಎಂದಳು. ಇಂಟರ್ವಲ್‌ಗೆ ಸಾಯ್ತೀಯ ಅಂತ ಹೇಳಲು ಅಣ್ಣನಿಗೆ ಬಾಯಿ ಬರಲಿಲ್ಲ, ನಾನೇ ಹೇಳಬೇಕಾಯಿತು. "ಅಷ್ಟು ಬೇಗನಾ?" ಎಂದಳು ಅವ್ವ, ಬೇಜಾರಿಲ್ಲದೆ.

ಶೂಟಿಂಗ್ ನಮ್ಮ ಶೆಡ್ಡಿನಲ್ಲೇ ನಡೆಯಿತು. ಶೆಡ್ಡು ಶೆಡ್ಡಿನ ಹಾಗೆ ಕಾಣುವುದಿಲ್ಲ ಅಂತ ಗೋಡೆಗೆ ಗ್ರೀಸ್ ಬಳಿದರು. ಆ ಹುಡುಗ ಸ್ವಿಚ್ ಹಾಕಿದಾಗ ಲೇತ್ ತಿರುಗಿದ್ದಕ್ಕೆ ಹೆದರಿ ಹಿಂದಕ್ಕೆ ಹಾರಿದ. ಪೀಣ್ಯದಲ್ಲಿ ಅಕ್ಕಪಕ್ಕದ ಶೆಡ್ಡಿನ ಪ್ರೆಸ್ ಮಷೀನುಗಳು ದಿನವಿಡೀ ಬಡಿಯುತ್ತವಲ್ಲ, ಹಾಗಾಗಿ ಶೂಟಿಂಗಿನಲ್ಲಿ ಆಡಿದ ಒಂದು ಮಾತೂ ಕೆಲಸಕ್ಕೆ ಬರಲಿಲ್ಲ. ಪೂರ್ತಿ ಸಿನಿಮಾಕ್ಕೆ ಸ್ಟುಡಿಯೋದಲ್ಲಿ ಹೊಸದಾಗಿ ಧ್ವನಿ ಕೊಡಬೇಕು. ಅಣ್ಣನ ಪಾತ್ರಕ್ಕೆ ಅಣ್ಣನೇ ಮಾತಾಡುವುದು ಎಂದಾಯಿತು. ಆ ಹುಡುಗನ ಗಂಟಲು ಮಾತ್ರ ಪೀಪಿಯ ಹಾಗಿತ್ತು. ಬೇರೆಯವರ ಧ್ವನಿ ಹುಡುಕಿದರು. ಬಂದವರೆಲ್ಲ ಸಿನಿಮಾದವರ ಹಾಗೆ ಗುಡುಗಿದರು.

ಒಂದು ಸಂಜೆ ಅಣ್ಣ ತಲೆ ಹಿಡಿದುಕೊಂಡು ಕೂತಿದ್ದ. "ಈ ಡೈಲಾಗು ಹಂಗೆ ಹೇಳೋದಲ್ಲ ಕಣೆ. ಯೋಚ್ನೆ ಮಾಡ್ಕೊಂಡು, ನಿಧಾನವಾಗಿ, ಹೇಳೋಕೆ ಹೆದರ್ಕೊಂಡು ಹೇಳ್ಬೇಕು."

"ಯಾರ ಹಂಗೆ?" ಎಂದೆ.

ಯಾರ ಹಾಗೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

"ಹಂಗಾದ್ರೆ ಅವನನ್ನೇ ಕರಿ," ಎಂದೆ.

"ನಾನು ಕರೆಯಲ್ಲ. ನೀನು ಬೇಕಾದ್ರೆ ಕರ್ಕೋ."

ಆ ರಾತ್ರಿ ನನಗೆ ಖುಷಿಯಿಂದ ಊಟ ಸೇರಲಿಲ್ಲ. ಸ್ಟುಡಿಯೋ ಅಂದರೆ ಇಬ್ಬರು ಹಿಡಿಸುವಷ್ಟು ಜಾಗ, ಬಾಗಿಲು ಹಾಕಿದರೆ ಸದ್ದೇ ಹೊರಗೆ ಹೋಗದ ಕೋಣೆ. ಅದರೊಳಗೆ ಇಬ್ಬರನ್ನೂ ಒಮ್ಮೆ ಕೂಡಿಹಾಕಿದರೆ ಮಾತಾಡದೆ ಎಲ್ಲಿಗೆ ಹೋಗುತ್ತಾರೆ ಅಂತ ಲೆಕ್ಕ ಹಾಕಿದೆ. ತಮ್ಮ ನಾನಂದುಕೊಂಡದ್ದಕ್ಕಿಂತ ಬೇಗ ಒಪ್ಪಿದ. ಸಿನಿಮಾದಲ್ಲಿ ತನ್ನ ಧ್ವನಿ ಇದೆ ಎಂದರೆ ಅವನ ಟೀಮಿನವರಿಗೆ ಇನ್‌ಸ್ಪಿರೇಷನ್ ಆಗುತ್ತದಂತೆ. ಒಂದೇ ಷರತ್ತು ಹಾಕಿದ. "ಅವನು ಅಲ್ಲಿರ್ಬಾರ್ದು ಅಕ್ಕ." ಇರಲ್ಲ ಬಾ ಎಂದೆ. ಅಣ್ಣನಿಗೆ ತಮ್ಮನ ಕೆಲಸ ಬೆಳಿಗ್ಗೆಯೇ ಮುಗಿಯುತ್ತದೆ, ನೀನು ಮಧ್ಯಾಹ್ನ ಬಾ ಎಂದೆ. ತಮ್ಮನ ಕೆಲಸ ಸಂಜೆಯವರೆಗೂ ಇತ್ತು.

ಸ್ಟುಡಿಯೋ ದಾಸರಹಳ್ಳಿಯಲ್ಲಿ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಚಪ್ಪಲಿ ಹೊರಗೇ ಬಿಡಬೇಕು. ತಮ್ಮ ಮೀಟಿಂಗಿನ ಕರಿ ಶೂ ಹಾಕಿಕೊಂಡು ಬಂದಿದ್ದ, ಮುಖ ಕಾಣುವಷ್ಟು ಪಾಲಿಶ್. ಗಾಜಿನ ಈಚೆ ಸೌಂಡ್ ಇಂಜಿನಿಯರ್, ಆಚೆ ಮೈಕಿನ ಮುಂದೆ ತಮ್ಮ. ಅಣ್ಣನ ಮಾತು ಇನ್ನೂ ರೆಕಾರ್ಡ್ ಆಗಿರಲಿಲ್ಲವಲ್ಲ, ಎದುರಿನಿಂದ ಮಾತು ಬರದಿದ್ದರೆ ಇವನು ಯಾರಿಗೆ ಉತ್ತರ ಕೊಡಬೇಕು? ಇಂಜಿನಿಯರ್ ನನ್ನ ಕಡೆ ತಿರುಗಿ, "ಮೇಡಂ, ಒಳಗೆ ಹೋಗಿ ಅಣ್ಣನ ಲೈನ್ ನೀವು ಹೇಳ್ಬಿಡಿ. ನಿಮ್ದು ಆಮೇಲೆ ತೆಗೆದ್ಬಿಡ್ತೀವಿ," ಎಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಣ್ಣನ ಮಾತನ್ನು ತಮ್ಮನಿಗೆ ಮುಟ್ಟಿಸುವುದರಲ್ಲಿ ನನಗಿಂತ ಅನುಭವ ಇನ್ನಾರಿಗಿತ್ತು.

ಕೊನೆಯ ದೃಶ್ಯ ಬಂತು. ಪರದೆಯ ಮೇಲೆ ಗ್ರೀಸ್ ಬಳಿದ ನಮ್ಮದೇ ಶೆಡ್ಡು. ನಾನು ಅಣ್ಣನ ಸಾಲು ಹೇಳಿದೆ. "ಯಾಕೋ ಬಂದೆ?" ತಮ್ಮ ಆ ಹುಡುಗನ ತುಟಿ ನೋಡುತ್ತ ಶುರು ಮಾಡಿದ. ತುಟಿಗೆ ಮಾತು ಕೂಡಲಿಲ್ಲ. ಮತ್ತೆ, ಇನ್ನೊಮ್ಮೆ. ಕೊನೆಗೆ ಬೇಸತ್ತು ಪರದೆ ಬಿಟ್ಟು ನನ್ನ ಮುಖ ನೋಡಿಕೊಂಡು ಹೇಳಿದ. "ಅಣ್ಣಾ, ಅವತ್ತು ಲೇತ್ ಮಾರೋಕೆ ಬಂದಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ನಾನೂ ಏನಾದ್ರೂ ಆಗ್ಬೇಕು ಅನ್ನಿಸಿತ್ತು. ಏನೂ ಆಗ್ಲಿಲ್ಲ ಅಣ್ಣಾ. ಒಬ್ಬನೇ ಕೂತು ಉಣ್ಣೋಕಾಗ್ತಿಲ್ಲ." ಮಾತು ತುಟಿಗೆ ಸರಿಯಾಗಿ ಕೂತುಬಿಟ್ಟಿತು. ಇಂಜಿನಿಯರ್ ಹೆಬ್ಬೆಟ್ಟು ಎತ್ತಿದರು. ನಾನು ಮುಂದಿನ ಸಾಲು ಹೇಳುವುದನ್ನೇ ಮರೆತೆ. ತಮ್ಮ ಮಾತ್ರ ಹೆಡ್‌ಫೋನ್ ತೆಗೆದು, "ಹೆಂಗಿತ್ತಕ್ಕ, ಪವರ್‌ಫುಲ್ ಆಗಿತ್ತಾ?" ಎಂದ. ಎರಡು ಬಾರಿಸೋಣ ಅನ್ನಿಸಿತು.

ಆಗಲೇ ಕೆಳಗೆ ಬೈಕಿನ ಸದ್ದು. ಅಪ್ಪನ ಹಳೇ ಬೈಕು, ಸದ್ದು ಗೊತ್ತು. ನೀರು ಕುಡಿದು ಬರುತ್ತೇನೆಂದು ಹೊರಗೆ ಓಡಿದೆ. ಅಣ್ಣ ಮೆಟ್ಟಿಲು ಹತ್ತಿ ಬಂದು ಬಾಗಿಲ ಮುಂದೆ ನಿಂತಿದ್ದ. ಕಣ್ಣು ಆ ಕರಿ ಶೂಗಳ ಮೇಲಿತ್ತು.

"ಮುಗೀತು ಅಂದಿದ್ದೆ."

"ಒಳಗೆ ಬಾ ಅಣ್ಣ. ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ. ನೀನೇ ಎದುರಿಗೆ ನಿಂತು ಹೇಳಿದ್ರೆ ಇನ್ನೂ ಚೆನ್ನಾಗಿರತ್ತೆ."

"ಶೂ ಹೋದ್ಮೇಲೆ ಫೋನ್ ಮಾಡು," ಎಂದು ಇಳಿದು ಹೋದ. ಎದುರಿನ ಟೀ ಅಂಗಡಿಯಲ್ಲಿ ನಮಗೆ ಬೆನ್ನು ಹಾಕಿ ಕೂತ.

ಇನ್ನೊಂದೆರಡು ಸಣ್ಣ ಮಾತು ಮುಗಿಸಿ ತಮ್ಮ ಹೊರಬಂದಾಗಲೂ ಬೈಕು ಅಲ್ಲೇ ಇತ್ತು. ಅವನೂ ಅದನ್ನು ನೋಡಿದ. ರಸ್ತೆ ದಾಟಿದರೆ ಆಯಿತು, ಅಷ್ಟೇ ದೂರ. "ಹೋಗೋ, ಒಂದು ಟೀ ಕುಡಿದು ಹೋಗು," ಎಂದೆ. ಅವನು ಬಗ್ಗಿ ಶೂ ಲೇಸು ಕಟ್ಟಿದ, ಬಿಚ್ಚಿ ಮತ್ತೆ ಕಟ್ಟಿದ. "ಮೀಟಿಂಗಿದೆ ಅಕ್ಕ," ಎಂದು ಇನ್ನೊಂದು ಕಡೆಯ ಬಸ್ ಸ್ಟಾಪಿಗೆ ನಡೆದ. ಅಣ್ಣನಿಗೆ ಫೋನ್ ಮಾಡಿದೆ. ಮೂಡ್ ಹೋಯಿತು, ಮುಂದಿನ ಭಾನುವಾರ ಮಾಡೋಣ ಎಂದ. ನಾನು ಮೆಟ್ಟಿಲ ಮೇಲೆ ಕೂತು, ಟೈರ್ ಅಂಗಡಿಯವರಿಗೆ ಕೇಳಿಸುವ ಹಾಗೆ ಇಬ್ಬರಿಗೂ ಬೈದೆ.

ಮುಂದಿನ ಭಾನುವಾರ ಅಣ್ಣನ ಸರದಿ. ಇಂಜಿನಿಯರ್ ಅವನ ಹೆಡ್‌ಫೋನಿಗೆ ತಮ್ಮನ ಧ್ವನಿ ಕೊಟ್ಟರು. "ಅಣ್ಣಾ" ಅನ್ನುವಷ್ಟರಲ್ಲಿ ಅಣ್ಣ ಹೆಡ್‌ಫೋನ್ ಕಿತ್ತು, "ಈ ಟ್ರ್ಯಾಕ್ ಮ್ಯೂಟ್ ಮಾಡಿ ಸಾರ್, ಕಾನ್ಸಂಟ್ರೇಷನ್ ಹೋಗತ್ತೆ," ಎಂದ. ನಾನೂ ಅಣ್ಣ ಎಂದೇ ಕರೆಯುವವಳು, ಹಾಗಾಗಿ ಈ ಸಲ ತಮ್ಮನ ಸಾಲು ಹೇಳುವುದು ನನಗೆ ಸುಲಭವಾಯಿತು. ಅಣ್ಣ ಪರದೆ ನೋಡಿಕೊಂಡು, ತಾನೇ ಬರೆದ ಮಾತನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. "ನನ್ನದೂ ಬರೀ ಗಾಳಿ ಕಣೋ. ಬಾ, ಒಟ್ಟಿಗೆ ಉಣ್ಣೋಣ." ಇಷ್ಟೆಲ್ಲ ಬುದ್ಧಿಯನ್ನು ಕಾಗದದ ಮೇಲೆ ಇಳಿಸಲು ಬಂದ ಮನುಷ್ಯನಿಗೆ ಆ ಟೀ ಅಂಗಡಿಯಿಂದ ಎದ್ದು ರಸ್ತೆ ದಾಟಲು ಬರಲಿಲ್ಲ. ನನಗೆ ಇವತ್ತಿಗೂ ಅದು ಅರ್ಥವಾಗಿಲ್ಲ, ಸಿಟ್ಟೂ ಇಳಿದಿಲ್ಲ.

ಸಿನಿಮಾ ಬಿಡುಗಡೆಯಾಯಿತು. ತುಮಕೂರು ರಸ್ತೆಯ ಕಡೆ ಒಂದು ಹಳೆಯ ಟಾಕೀಸಿನಲ್ಲಿ ಬೆಳಗಿನ ಆಟ ಮಾತ್ರ ಸಿಕ್ಕಿತ್ತು. ನಾನು ಅವ್ವನ ಕೈ ಹಿಡಿದು ಕರೆದುಕೊಂಡು ಹೋದೆ. ಅಣ್ಣ ಹೊಸ ಅಂಗಿ ಹಾಕಿಕೊಂಡು ಹಿಂದಿನ ಬಾಗಿಲ ಹತ್ತಿರ ನಿಂತಿದ್ದ. ತಮ್ಮ ತನ್ನ ಟೀಮಿನವರೊಂದಿಗೆ ಬಾಲ್ಕನಿಯಲ್ಲಿದ್ದ, ಎಲ್ಲರೂ ಟೈ ಕಟ್ಟಿದವರು. ಉಳಿದಂತೆ ಟಾಕೀಸು ಖಾಲಿ ಖಾಲಿ. ಕಂಟ್ರಾಕ್ಟರ್ ಕಡೆಯವರು ಹುಡುಗ ಬಂದಾಗಲೆಲ್ಲ ಶಿಳ್ಳೆ ಹಾಕುತ್ತಿದ್ದರು. ಅವ್ವನಿಗೆ ಪರದೆ ಒಂದು ಬೆಳಕಿನ ಕಲೆಯಾಗಿ ಕಾಣುತ್ತಿತ್ತೇನೋ, ತಲೆ ಸ್ವಲ್ಪ ಓರೆ ಮಾಡಿ ಕಿವಿ ಕೊಟ್ಟು ಕೂತಿದ್ದಳು. ಇಂಟರ್ವಲ್‌ನಲ್ಲಿ, "ನಾನು ಸತ್ತೆನಾ?" ಎಂದು ಕೇಳಿ ಕಡಲೆಕಾಯಿ ತಿಂದಳು.

ಕೊನೆಯ ದೃಶ್ಯ. ಅಣ್ಣನ ಧ್ವನಿ, ಯಾಕೋ ಬಂದೆ. ತಮ್ಮನ ಧ್ವನಿ, ಅಣ್ಣಾ. ಸ್ಟುಡಿಯೋದಲ್ಲಿ ನನ್ನ ಕಿವಿಗೆ ಬೇರೆ ಬೇರೆಯಾಗಿ ಬಿದ್ದ ಮಾತುಗಳು ಆ ಕತ್ತಲಲ್ಲಿ ಒಂದರ ಹಿಂದೆ ಒಂದು ಬಂದವು. ಹೇಗೆ ಮಾಡಿದ್ದು ಅಂತ ನನಗಿಂತ ಚೆನ್ನಾಗಿ ಬಲ್ಲವರು ಆ ಟಾಕೀಸಿನಲ್ಲಿ ಯಾರೂ ಇರಲಿಲ್ಲ. ಆದರೂ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತೆ. ನನ್ನದೊಂದು ಉಸಿರೂ ಅದರಲ್ಲಿ ಉಳಿದಿರಲಿಲ್ಲ. ಅವ್ವ ನನ್ನ ಕೈ ಹಿಡಿದುಕೊಂಡಳು. ಕೇಳಿಸ್ತೀನಿ ಅಂದಿದ್ದೆ, ಕೇಳಿಸಿದೆ, ಹೀಗೇ ಇದ್ದುಬಿಡಲಿ, ನಿಜ ಹೇಳುವುದು ಬೇಡ ಎಂದುಕೊಂಡೆ.

ದೀಪ ಹತ್ತಿದಾಗ ಅಣ್ಣ ಮುಂದಿನ ಗೇಟಿನಲ್ಲಿ ಕೈ ಕಟ್ಟಿ ನಿಂತಿದ್ದ. ತಮ್ಮ ಬಾಲ್ಕನಿಯ ಮೆಟ್ಟಿಲಿಳಿದು ಸ್ಕೂಟರ್ ನಿಲ್ಲಿಸುವ ಕಡೆಯ ಗೇಟಿನಿಂದ ಹೊರಟ. ಹೋಗುವ ಮೊದಲು ನನ್ನ ಹತ್ತಿರ ಬಂದು, "ನನ್ನ ವಾಯ್ಸ್ ಬಗ್ಗೆ ಏನಾದ್ರೂ ಅಂದ್ನಾ?" ಎಂದು ಪಿಸುಗುಟ್ಟಿದ. ನಾನು ಉತ್ತರ ಕೊಡದೆ ಅವ್ವನನ್ನು ಆಟೋ ಹತ್ತಿಸಿದೆ.

"ಕೇಳಿದೆಯಾ ಅವ್ವ, ಇಬ್ರೂ ಮಾತಾಡಿದ್ರು," ಎಂದೆ.

"ಹೂಂ. ಚೆಂದಿತ್ತು." ಜಾಲಹಳ್ಳಿ ಕ್ರಾಸ್ ದಾಟಿದ ಮೇಲೆ, "ಬ್ಯಾರೆ ಬ್ಯಾರೆ ದಿನ ಮಾತಾಡ್ಯಾರೆ, ಅಲ್ಲೇನು?" ಎಂದಳು.

"ಯಾರು ಹೇಳಿದ್ರು ನಿಂಗೆ?"

"ಯಾರ್ ಹೇಳ್ಬೇಕು? ಚಿಕ್ಕೋನು ಅಷ್ಟುದ್ದ ಮಾತಾಡಿದ. ದೊಡ್ಡೋನು ನಡುವೆ ಬಾಯಿ ಹಾಕ್ಲೇ ಇಲ್ಲ. ಎದುರಿಗಿದ್ದಿದ್ರೆ ಮುಗಿಯೋತಂಕ ಕಾಯ್ತಿದ್ನಾ ಅವನು?" ನನ್ನ ಮೊಣಕೈ ತಡಕಿ ಹಿಡಿದಳು. "ಮತ್ತೆ ಚಿಕ್ಕೋನು ಅಣ್ಣಾ ಅಂದದ್ದು ಅವನಿಗಲ್ಲ ಬಿಡು. ಅದು ನಿನ್ನ ಕೂಡ ಮಾತಾಡೋ ದನಿ."

ಅಷ್ಟು ಬಸ್ಸು ಹತ್ತಿಳಿದದ್ದು, ಸುಳ್ಳು ಹೇಳಿ ಕರೆಸಿದ್ದು, ಎರಡೂ ಕಡೆ ನಿಂತು ಮಾತಾಡಿದ್ದು, ಎಲ್ಲ ದಂಡ. ಆಗಲೇ ಫೋನ್ ಬಂತು, ಅಣ್ಣನದು.

"ಅವನ ವಾಯ್ಸ್ ಚೆನ್ನಾಗಿತ್ತು ಅಂತ ಹೇಳ್ಬಿಡು ಅವನಿಗೆ."

ಇಷ್ಟು ವರ್ಷದ ಸಿಟ್ಟು ಒಟ್ಟಿಗೆ ಬಂತು. "ನಾನು ಹೇಳಲ್ಲ ಅಣ್ಣ. ಇವತ್ತಿಂದ ನಿಮ್ಮಿಬ್ರದ್ದು ಏನೂ ಹೇಳಲ್ಲ. ನಂಬರ್ ಇದೆ ನಿನ್ಹತ್ರ, ನೀನೇ ಹೇಳು," ಎಂದು ಫೋನ್ ಇಟ್ಟೆ. ಆಟೋದವನು ಕನ್ನಡಿಯಲ್ಲಿ ನೋಡಿದ.

ಸಂಜೆ ಅವ್ವನ ಮನೆಯಲ್ಲಿ ಒಲೆಯ ಮುಂದೆ ಇದ್ದೆ. ತಮ್ಮನ ಫೋನ್.

"ಅಕ್ಕ, ಅವನ ನಂಬರಿಂದ ಮಿಸ್ಡ್ ಕಾಲ್ ಬಂದಿದೆ. ಯಾಕಂತೆ ಕೇಳು."

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. "ನೀನೇ ಕೇಳೋ," ಎಂದು ಇಡಲು ಹೊರಟೆ. ಅಷ್ಟರಲ್ಲಿ ಅವ್ವ, ಏನಂತೆ ಎಂದಳು. ಮಿಸ್ಡ್ ಕಾಲ್ ಕೊಟ್ಟಿದ್ದಾನಂತೆ ಅಣ್ಣ ಎಂದೆ.

"ಎಷ್ಟೊತ್ತು ಬಡಕೊಂಡ್ತು ಅಂತ ಕೇಳು," ಎಂದಳು ಅವ್ವ.

ಇದೇ ಕೊನೆಯ ಸಲ ಎಂದು ಮನಸ್ಸಿನಲ್ಲಿ ಶಪಥ ಮಾಡಿಕೊಂಡು ಕೇಳಿದೆ.

"ಪೂರ್ತಿ ಆಯ್ತಕ್ಕ. ನಿಲ್ಲೋತನಕ. ಫೋನು ಕೈಯಲ್ಲೇ ಇತ್ತು, ನಾನೇ ಎತ್ಲಿಲ್ಲ."

ಅವ್ವನಿಗೆ ಅದನ್ನು ಹಾಗೇ ಹೇಳಿದೆ. ಅವಳು ಶೆಡ್ಡಿನ ಬಾಗಿಲ ಕಡೆಗೆ ಮುಖ ತಿರುಗಿಸಿದಳು. ಅಣ್ಣ ಅಲ್ಲೇ ಆಚೆ, ಕತ್ತಲಲ್ಲಿ, ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ.

"ಹಂಗಾದ್ರೆ ದೊಡ್ಡೋನು ಕಾದಾನೆ," ಎಂದಳು ಅವ್ವ.